ನೂಲಿನ ಗೋದಾಮಿಗೊಂದು ಕಂಪನಿ ಡ್ರೈವ್

ಕಂಪ್ಯೂಟರ್ ಸಾಮಾನು ಮಾರುವವನ ಬಳಿ ಬರುವ ಗಿರಾಕಿಗಳಲ್ಲಿ ಎರಡೇ ಜಾತಿ. ಎಲ್ಲಕ್ಕಿಂತ ಸೋವಿಯದು ಕೊಡು ಎನ್ನುವವರು ಒಂದು, ಎಲ್ಲಕ್ಕಿಂತ ತುಟ್ಟಿಯದು ಕೊಡು ಎನ್ನುವವರು ಇನ್ನೊಂದು. ಇಬ್ಬರೂ ಮಾಡುವ ತಪ್ಪು ಮಾತ್ರ ಒಂದೇ. ಬೇಕಾದ ಮಾಲಿನ ಹೆಸರು ಹೇಳುತ್ತಾರೆ, ತಮ್ಮ ಕೆಲಸ ಏನೆಂದು ಹೇಳುವುದಿಲ್ಲ. ಕಾಲು ಮನೆಯಲ್ಲಿ ಬಿಟ್ಟು ಬಂದು ಚಪ್ಪಲಿಯ ಅಳತೆ ಕೇಳಿದ ಹಾಗೆ.

ನನ್ನ ಅಂಗಡಿ ಗದಗಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಅಂಗಡಿ ಎಂದರೆ ಒಂದು ಮೇಜು, ಎರಡು ಕುರ್ಚಿ, ಹೊಟ್ಟೆ ಬಿಚ್ಚಿಟ್ಟ ಕಂಪ್ಯೂಟರ್‌ಗಳ ರಾಶಿ ಮತ್ತು ನಾನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ ಎಂದು ಯಾರಾದರೂ ನನ್ನ ಬಗ್ಗೆ ಹೇಳಿದರೆ ಅದು ಸುಳ್ಳು. ಎಷ್ಟೋ ಸಲ ಹತ್ತಿದ್ದೇನೆ, ಪ್ರಾಚಾರ್ಯರ ಪ್ರಿಂಟರ್ ಹೊತ್ತುಕೊಂಡು. ಶಿರಹಟ್ಟಿಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಕಲಿತೆ, ಟೇಪ್‌ರೆಕಾರ್ಡರ್ ಸತ್ತ ಮೇಲೆ ಟಿವಿ, ಜನ ಟಿವಿ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಕಂಪ್ಯೂಟರ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಯಾವ ಅಂಗಡಿಯ ಯಾವ ಮೂಲೆಯಲ್ಲಿ ಯಾವ ಪೆಟ್ಟಿಗೆ ಕೂತಿದೆ ಎಂಬುದು ನನಗೆ ನಮ್ಮ ಮನೆಯ ಪಾತ್ರೆಗಳಿಗಿಂತ ಚೆನ್ನಾಗಿ ಗೊತ್ತು. ಪಾತ್ರೆಯ ವಿಷಯಕ್ಕೆ ಕೈ ಹಾಕಲು ಮನೆಯಲ್ಲಿ ಬಿಡುವುದಿಲ್ಲ, ಅದು ಬೇರೆ ಮಾತು.

ಚೌಕಾಶಿ ಮಾತ್ರ ಯಾರಿಂದಲೂ ಕಲಿಯಬೇಕಾಗಲಿಲ್ಲ. ನಮ್ಮಪ್ಪ ಮುಂಡರಗಿ ಕಡೆಯ ದನದ ಸಂತೆಗಳಲ್ಲಿ ದಲ್ಲಾಲಿಯಾಗಿದ್ದ. ಎತ್ತು ಕೊಳ್ಳಲು ಬಂದವನಿಗೆ ಅವನು ಮೊದಲು ಕೇಳುತ್ತಿದ್ದದ್ದು "ನಿಂದು ಎಂಥಾ ಹೊಲ?" ಎಂದು. ಎರೆಭೂಮಿಗೆ ಬೇಕಾದ ಎತ್ತು ಬೇರೆ, ಕೆಂಪು ಮಸಾರಿಗೆ ಬೇಕಾದದ್ದು ಬೇರೆ, ಬರೀ ಗಾಡಿ ಹೂಡಿ ಮೆರೆಯುವವನಿಗೆ ಬೇಕಾದದ್ದು ಮತ್ತೂ ಬೇರೆ. ಸರ್ವರಿಗೆ ಹಾಕುವ ಎಸ್‌ಎಸ್‌ಡಿ ಡ್ರೈವ್ ಮಾರುವಾಗ ನಾನು ಮಾಡುವುದೂ ಅಷ್ಟೇ.

ಈ ಸರ್ವರ್ ಎಂದರೆ ಹೆದರಬೇಡಿ. ಒಂದು ಕಚೇರಿಯಲ್ಲಿ ನಾಲ್ಕಾರು ಕಂಪ್ಯೂಟರ್ ಇದ್ದರೆ, ಎಲ್ಲರ ಕಡತಗಳನ್ನೂ ಒಂದೇ ಕಡೆ ಇಟ್ಟುಕೊಂಡು ಕೇಳಿದವರಿಗೆ ಕೊಡುವ ದೊಡ್ಡಣ್ಣ ಅದು. ಅದರೊಳಗೆ ಕಡತ ಉಳಿಯುವ ಜಾಗವೇ ಡ್ರೈವ್. ಈ ಡ್ರೈವಿನಲ್ಲಿ ಮನೆ ಬಳಕೆಯದು, ಕಂಪನಿ ಬಳಕೆಯದು ಎಂದು ಎರಡು ನಮೂನೆ. ಮನೆಯದು ಹೊಸ ಅಳಿಯನ ಹಾಗೆ, ಶುರುವಿಗೆ ಭಾರಿ ಚುರುಕು, ಕೆಲಸ ಎಡೆಬಿಡದೆ ಬಂದರೆ ಉಸ್ಸೆನ್ನುತ್ತದೆ. ಕಂಪನಿಯದು ಹಮಾಲರ ಹಾಗೆ, ಬೆಳಿಗ್ಗೆ ಯಾವ ನಡಿಗೆಯೋ ಸಂಜೆಗೂ ಅದೇ ನಡಿಗೆ. ಬರೆದು ಅಳಿಸಿ ಬರೆದು ಅಳಿಸಿ ಮಾಡಿದರೂ ಬಹಳ ವರ್ಷ ತಾಳುತ್ತದೆ. ಬೆಲೆಯೂ ಹಾಗೇ ಇರುತ್ತದೆ. ಕೇಳಿದೊಡನೆ ಗಿರಾಕಿ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ.

ಲಕ್ಷ್ಮೇಶ್ವರದ ಬೀಜ-ಗೊಬ್ಬರದ ವ್ಯಾಪಾರಿಯೊಬ್ಬರು ಮಾತ್ರ ಬೆಲೆ ಕೇಳಿಯೂ ಕೂತೇ ಇದ್ದರು.

"ನನಗ ಕಂಪನಿ ಡ್ರೈವೇ ಬೇಕ್ರಿ ಸಾಬ್ರ."

"ಯಾಕ್ರಿ?"

"ಎದುರಿನ ಅಂಗಡ್ಯಾವ ಹಾಕಿಸ್ಯಾನ."

"ಎದುರಿನವ ಎರಡು ಲಗ್ನ ಮಾಡ್ಕೊಂಡಾನ. ನೀವೂ ಮಾಡ್ಕೋತೀರೇನ್ರಿ?"

"ಮನ್ಯಾಗ ಕೇಳಿ ಹೇಳ್ತೀನಿ" ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಕೆಲಸ ವಿಚಾರಿಸಿದೆ. ಬಿಲ್ ಹಾಕುವ ಕಂಪ್ಯೂಟರ್ ಒಂದು, ಗೋದಾಮಿನಲ್ಲಿ ಇನ್ನೊಂದು. ಕರೆಂಟು ಹೋದರೆ ಯುಪಿಎಸ್ ಇದೆ. ಸಂಜೆ ಮಗಳು ಬಂದು ಎಲ್ಲವನ್ನೂ ಕ್ರಮವಾಗಿ ಬಂದ್ ಮಾಡಿ ಹೋಗುತ್ತಾಳೆ. ಇಂಥ ಮನೆಗೆ ಕಂಪನಿ ಡ್ರೈವ್ ಯಾತಕ್ಕೆ? ಒಳ್ಳೆಯ ಮನೆ ಬಳಕೆಯದೊಂದು ಸಾಕು, ಉಳಿದ ದುಡ್ಡಿಗೆ ಹೊರಗಿನಿಂದ ಚುಚ್ಚುವ ಇನ್ನೊಂದು ಡಿಸ್ಕ್ ತಂದು ದಿನವೂ ನಕಲು ತೆಗೆದಿಡಿ ಎಂದೆ. ಕುದುರೆ ಕೇಳಿದವನಿಗೆ ಆಡು ಕಟ್ಟಿಕೊಟ್ಟಂತೆ ಅವರ ಮುಖ ಸಣ್ಣದಾಯಿತು. ಕೊನೆಗೆ ಒಪ್ಪಿದರು, ಒಂದು ಕರಾರಿನ ಮೇಲೆ. "ಡಬ್ಬಿನರ ದೊಡ್ಡದು ತರ್ರಿ. ಇಳಿಸೂ ಮುಂದ ಅಂವ ನೋಡ್ಲಿ." ತಂದೆ. ಪ್ರಿಂಟರಿನ ಡಬ್ಬಿಯೊಳಗೆ ಅಂಗೈಯಗಲದ ಡ್ರೈವ್ ಇಟ್ಟು, ಇಬ್ಬರು ಹಿಡಿದು ಇಳಿಸಿದೆವು.

ಹೀಗೆ ಹತ್ತರಲ್ಲಿ ಎಂಟು ಜನರಿಗೆ ಕಂಪನಿ ಡ್ರೈವ್ ಬೇಡ ಎಂದು ಹೇಳಿಯೇ ನನ್ನ ಹೆಸರು ಉಳಿದದ್ದು. ಬೇಡ ಎಂದು ಹೇಳುವ ವ್ಯಾಪಾರಿ ಬೇಕು ಎಂದಾಗ ಜನ ನಂಬುತ್ತಾರೆ. ವ್ಯಾಪಾರಕ್ಕೆ ಬರುವ ಹುಡುಗರಿಗೆ ಇದನ್ನು ಹೇಳುತ್ತೇನೆ, ಅವರು ಕೇಳುವುದಿಲ್ಲ, ಆಮೇಲೆ ಮೊಬೈಲ್ ಕವರ್ ಮಾರುತ್ತಾರೆ.

ಇಷ್ಟು ಜಾಣನಾದ ನನಗೂ ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಬೆಟಗೇರಿಯ ಒಂದು ನೂಲಿನ ಗೋದಾಮು.

ಗೋದಾಮಿನ ಯಜಮಾನರು ಹಳೆಯ ಕಾಲದ ಸಾವ್ಕಾರರು, ನೇಕಾರರಿಗೆ ನೂಲು ಮಾರುವವರು. ಮಗ ನೂಲು ತರಲು ಊರೂರು ತಿರುಗುತ್ತಿದ್ದ. ಸೊಸೆ ಗೋದಾಮಿನ ಒಂದು ತುದಿಯಲ್ಲಿ ಪ್ಲೈವುಡ್ ಅಡ್ಡ ಹಾಕಿಸಿಕೊಂಡು ಒಂದು ಖೋಲಿ ಮಾಡಿಕೊಂಡಿದ್ದರು. ಸೀರೆಯ ಅಂಚು, ಸೆರಗುಗಳ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವರ ಕೆಲಸ. ಅವರು ಬರೆದ ಕಡತವನ್ನು ನೇಕಾರರು ಪೆನ್‌ಡ್ರೈವಿನಲ್ಲಿ ಒಯ್ದು ಮಗ್ಗದ ಯಂತ್ರಕ್ಕೆ ಕೊಟ್ಟರೆ, ಯಂತ್ರ ಎಳೆ ಎತ್ತಿ ಇಳಿಸಿ ಅದನ್ನೇ ನೇಯುತ್ತದೆ. ನೇಕಾರರ ಹೆಂಗಸರು ಅಜ್ಜಿಯ ಕಾಲದ ಹರಿದ ಸೀರೆ ತಂದು "ಇದರಾಗಿನ ಗಿಳಿ ಬೇಕ್ರಿ" ಎನ್ನುತ್ತಿದ್ದರು. ಇವರು ಎಳೆ ಎಣಿಸಿ ಆ ಗಿಳಿಯನ್ನು ಮತ್ತೆ ಬರೆಯುತ್ತಿದ್ದರು. ಕೈಕೆಳಗೆ ಇಬ್ಬರು ಹೆಣ್ಣುಮಕ್ಕಳು, ಮೂರು ಕಂಪ್ಯೂಟರ್, ಮೂಲೆಯಲ್ಲಿ ಸರ್ವರ್.

ಆ ಸರ್ವರಿಗೆ ಒಂದು ರೋಗ ಹತ್ತಿತ್ತು. ಸಂಜೆ ಚೆನ್ನಾಗಿಯೇ ಇದ್ದದ್ದು ಬೆಳಿಗ್ಗೆ ಏಳುತ್ತಿರಲಿಲ್ಲ. ಎದ್ದರೂ ನಿನ್ನೆಯ ಒಂದೆರಡು ಕಡತಗಳು ಖಾಲಿ. ಹೆಸರು ಇರುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಒಂದು ಸಲವಂತೂ ವಾರವಿಡೀ ಬರೆದ ಗಿಳಿ ಹಾರಿಹೋಗಿ, ಮಗ್ಗ ಸುಮ್ಮನೆ ನಿಲ್ಲಿಸಿಕೊಂಡ ನೇಕಾರನೊಬ್ಬ ಬಂದು ಸಾವ್ಕಾರರ ಮುಂದೆ ಬಾಯಿ ಮಾಡಿ ಹೋಗಿದ್ದ. ಮಾಲು ತಪ್ಪಿತೆಂದು ಅವರ ಗೋದಾಮಿನಲ್ಲಿ ಯಾರೂ ಧ್ವನಿ ಎತ್ತಿದ್ದೇ ಇರಲಿಲ್ಲವಂತೆ.

ನಾನು ಹೋದ ದಿನ ಸಾವ್ಕಾರರು ಖೋಲಿಯ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಸಾಬ್ರ, ಇದು ಕಡೀ ಸಲ. ಇನ್ನೊಮ್ಮೆ ಹಿಂಗಾತಂದ್ರ ಈ ಖೋಲ್ಯಾಗ ನೂಲು ಇಡಸ್ತೀನಿ. ನೂಲು ಎಂದೂ ಎದ್ದು ಹೋಗಿಲ್ಲ."

ಅಷ್ಟು ಹೊತ್ತಿಗಾಗಲೇ ಎರಡು ನೂಲಿನ ಗಂಟುಗಳು ಬಾಗಿಲ ಒಳಗೆ ಬಂದು ಕೂತಿದ್ದವು. ಸೊಸೆ ಅವುಗಳ ಕಡೆ ನೋಡಲೇ ಇಲ್ಲ. ನನ್ನ ಕಡೆ ನೋಡಿದರು.

"ಅಣ್ಣಾರ, ಇದು ಹೊಸಾ ಡ್ರೈವ್. ಭಾರಿ ಸ್ಪೀಡ್ ಐತಂತ ಮೊಬೈಲ್‌ನ್ಯಾಗ ನೋಡಿ ನಾನ ತರಿಸೀನಿ."

ಪೆಟ್ಟಿಗೆ ಬಿಚ್ಚಿದೆ. ಒಳಗೆ ಬಣ್ಣ ಬಣ್ಣದ ದೀಪ ಮಿನುಗುವ ಡ್ರೈವ್. ಆಟ ಆಡುವ ಹುಡುಗರಿಗಾಗಿ ಮಾಡಿದ್ದು.

"ಅಕ್ಕಾರ, ಇದೇನ್ರಿ, ಡ್ರೈವೋ ಮದ್ವಿ ಮಂಟಪೋ?"

"ಚೇಷ್ಟಿ ಮುಗಿದಿದ್ರ ಕೆಲಸ ಮಾಡ್ರಿ. ಚಾ ಕೆಲಸ ಆದಮ್ಯಾಲೆ."

ಎತ್ತಿನ ಬಾಯಿ ತೆರೆದು ಹಲ್ಲು ನೋಡುವಂತೆ ಡ್ರೈವಿನ ಆಯುಷ್ಯವನ್ನೂ ನೋಡಬಹುದು. ಎಷ್ಟು ಬರೆದಿದೆ, ಎಷ್ಟು ಸವೆದಿದೆ ಎಂದು ಅದೇ ಹೇಳುತ್ತದೆ. ನೋಡಿದೆ. ಇದು ಇನ್ನೂ ಹಾಲುಹಲ್ಲಿನ ಕರು. ವೈರು ಬದಲಿಸಿದೆ, ಧೂಳು ಹೊಡೆದೆ, ಮಾಡಬಹುದಾದ ಪರೀಕ್ಷೆಯೆಲ್ಲ ಮಾಡಿದೆ. ಎಲ್ಲವೂ ಸರಿ ಇತ್ತು. ಎಲ್ಲ ಸರಿ ಇರುವ ರೋಗಿಯಷ್ಟು ಕೆಟ್ಟ ಗಿರಾಕಿ ಇನ್ನೊಬ್ಬನಿಲ್ಲ. ಸಂಜೆಯಾಯಿತು. ಅಕ್ಕಾರು ಕೆಲಸದವರನ್ನು ಕಳಿಸಿ, ಆ ದಿನದ ಕಡತಗಳು ಸರ್ವರಿಗೆ ಹೋಗುತ್ತಿರುವಂತೆಯೇ ರೊಟ್ಟಿ ಬಡಿಯಲು ಹಿತ್ತಲಿನ ಮನೆಗೆ ಹೋದರು. ಚಹ ಬರಲಿ ಎಂದು ನಾನು ಕೂತೆ. ಆ ಚಹಾದ ಆಸೆಯೇ ನನ್ನ ಮಾನ ಉಳಿಸಿತು.

ಸಾವ್ಕಾರರು ಗೋದಾಮು ಮುಚ್ಚಲು ಬಂದರು. ಸಾಲು ಸಾಲಿನಲ್ಲೂ ನಡೆದು ಮೂಗೆತ್ತಿ ವಾಸನೆ ನೋಡಿದರು. ಗಲ್ಲಾದ ಮುಂದಿನ ಊದಿನಕಡ್ಡಿಯನ್ನು ನೀರಿನಲ್ಲಿ ಅದ್ದಿದರು. ಬಾಗಿಲ ಬಳಿ ಕೈ ಮುಗಿದರು. ಆಮೇಲೆ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಕಬ್ಬಿಣದ ಹಿಡಿ ಹಿಡಿದು, ಬಾವಿಯಿಂದ ಕೊಡ ಎಳೆದಂತೆ, ಕೆಳಗೆ ಜಗ್ಗಿದರು.

ಗೋದಾಮೆಲ್ಲ ಕತ್ತಲು. ಖೋಲಿಯೊಳಗೆ ನಡೆಯುತ್ತಿದ್ದ ಸರ್ವರ್ ಒಂದು ಸಣ್ಣ ಸದ್ದು ಮಾಡಿ ಸತ್ತಿತು.

"ಅಯ್ಯ ಸಾವ್ಕಾರ್ರ, ಏನ್ ಮಾಡಿದ್ರಿ!" ಎಂದು ಕೂಗಿದೆ.

"ಯಾರಂವ!" ಅವರು ಬೆಚ್ಚಿಬಿದ್ದರು. "ಸಾಬ್ರ ಏನು? ಇನ್ನೂ ಹೋಗಿಲ್ಲೇನ್ ನೀವು? ನಿಮ್ಮನ್ನ ಒಳಗ ಹಾಕಿ ಕೀಲಿ ಹಾಕ್ತಿದ್ದೆ."

ಹಿತ್ತಲಿನಿಂದ ಸೊಸೆಯ ಧ್ವನಿ ಬಂತು. "ಮಾವಾರ, ಒಂದ ಚೂರು ತಡೀರಿ ಅಂದಿದ್ನೆಲ್ರೀ!"

"ಆ ಚೂರಿನ್ಯಾಗ ಕಿಡಿ ಬಿದ್ರ ಯಾರು ತಡೀತಾರವಾ?"

ಕತೆ ಆಗ ಹೊರಬಿತ್ತು. ಸಾವ್ಕಾರರ ಹರೆಯದಲ್ಲಿ ಅವರ ಬಾಡಿಗೆಯ ಗೋದಾಮು ಕೀಲಿ ಹಾಕಿದ ಮೇಲೆ ಒಳಗಿನ ವೈರಿನ ಕಿಡಿಗೆ ಸುಟ್ಟುಹೋಗಿತ್ತು. ಅಂದಿನಿಂದ ಕೀಲಿ ಹಾಕಿದ ಬಾಗಿಲ ಹಿಂದೆ ಜೀವಂತ ಕರೆಂಟು ಇರಕೂಡದು ಎಂಬುದು ಅವರ ನೇಮ. ನೂಲು, ಅರಳೆ ಇಟ್ಟುಕೊಂಡವರಲ್ಲಿ ಇಂಥ ನೇಮದವರನ್ನು ನಾನು ಬಹಳ ಕಂಡಿದ್ದೇನೆ, ತಪ್ಪೆಂದು ಇವತ್ತಿಗೂ ಹೇಳುವುದಿಲ್ಲ. ತೊಂದರೆ ಏನೆಂದರೆ, ಇವರ ಜಗ್ಗಾಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಗುಡುಗಿದರೆ ಮೇನ್. ಯಾರದೋ ಮಣ್ಣಿಗೆ ಹೊರಟರೆ ಮೇನ್. ಪಕ್ಕದ ಮನೆಯಲ್ಲಿ ಒಗ್ಗರಣೆ ಹೊತ್ತಿ ವಾಸನೆ ಬಂದರೂ ಮೇನ್. ಮನೆಯ ಕರೆಂಟು ಬೇರೆಯಾದ್ದರಿಂದ ರೊಟ್ಟಿ ಬಡಿಯುವ ಸೊಸೆಗೆ ಇಲ್ಲಿ ಕತ್ತಲಾದದ್ದೂ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಬರೆದು ಮುಗಿಸುವ ಮೊದಲೇ ಬರೆದೆ ಎಂದು ಡ್ರೈವ್ ಮಾಡುತ್ತಿದ್ದ ಮೋಸ ನನಗೀಗ ಕಂಡಿತು. ನಾನು ಮೊದಲಿಗೆ ಹೇಳಿದ್ದು ಯುಪಿಎಸ್. ಸಾವ್ಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಟರಿ ಅಂದ್ರ ಕರೆಂಟ್ ಕೂಡಿಟ್ಟ ಡಬ್ಬಿ, ಹೌದಿಲ್ಲೋ?"

"ಹೌದ್ರಿ."

"ಕರೆಂಟ್ ಹೊರಗ ಹಾಕಿ ಕೀಲಿ ಹಾಕಾವ ನಾನು. ಅದನ್ನ ಡಬ್ಬ್ಯಾಗ ಮಲಗಿಸಿ ಒಳಗ ಬಿಟ್ಟು ಹೋಗಂತೀರಿ?"

ಹಾಗಾದರೆ ಸರ್ವರನ್ನೇ ಮನೆಯೊಳಗೆ ಇಟ್ಟುಬಿಡೋಣ ಎಂದೆ. ಈಗ ಸೊಸೆ ಒಪ್ಪಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು.

"ಅಣ್ಣಾರ, ಇವತ್ತು ಡಬ್ಬಿ ಮನಿಗೆ ಹೋತು ಅಂದ್ರ ನಾಳೆ ಡಬ್ಬಿ ಹಿಂದ ನಾನೂ ಹೋಗಬೇಕಾಕ್ಕೇತಿ. ಖೋಲಿ ಖಾಲಿ ಅಂತ ನೂಲು ಬಂದು ಕುಂಡರತೈತಿ. ಈ ಖೋಲ್ಯಾಗ ಮಂದಿ ನನ್ನ ಕೇಳ್ಕೊಂಡು ಬರ್ತಾರ. ಅಡಿಗಿಮನ್ಯಾಗ ಯಾರು ಬರ್ತಾರ್ರಿ, ಬೆಕ್ಕು?"

ಮಾವ ಆ ಮಾತು ಕೇಳಿಯೂ ಕೇಳದವರಂತೆ ಕೀಲಿಗೊಂಚಲು ಅಲ್ಲಾಡಿಸಿದರು. ಮಾವ ಮೇನ್ ಬಿಡುವುದಿಲ್ಲ, ಸೊಸೆ ಖೋಲಿ ಬಿಡುವುದಿಲ್ಲ. ನನ್ನ ಪಾಲಿಗೆ ಉಳಿದದ್ದು ಡ್ರೈವ್ ಒಂದೇ.

ಮರುದಿನ ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಫೋನ್ ಮಾಡಿದೆ. ಆತ ಇಂಗ್ಲಿಷ್ ಬಲ್ಲವ, ಅಂದರೆ ಡಬ್ಬಿಯ ಮೇಲಿನದನ್ನು ಜೋರಾಗಿ ಓದಬಲ್ಲವ.

"ಮನಿ ಬಳಕೀದ ಎರಡು ಹಾಕ್ರಿ ಸಾಬ್ರ. ಒಂದರಾಗ ಬರದದ್ದು ಇನ್ನೊಂದರಾಗೂ ಬರೀತೈತಿ. ಒಂದು ಹೋದ್ರ ಇನ್ನೊಂದು."

"ಕರೆಂಟ್ ಒಮ್ಮೆಲೇ ಹೋದ್ರ?"

"ಎರಡೂ ಅದಾವಲ್ರಿ!"

"ಕುಡದವರಿಬ್ಬರು ಒಬ್ಬರನ್ನೊಬ್ಬರು ಹಿಡಕೊಂಡು ಹೊಂಟ್ರ ಗಟಾರದಾಗ ಒಬ್ಬ ಬೀಳತಾನೋ, ಇಬ್ಬರೂ ಬೀಳತಾರೋ? ಸುಮ್ನ ಕಂಪನೀದು ತೋರಸು."

ಎಂಟರ್‌ಪ್ರೈಸ್, ಅಂದರೆ ಕಂಪನಿ ಬಳಕೆಯದು, ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಆಯಿತೆಂದು ತಿಳಿಯಬೇಡಿ. ಅಕ್ಷರ ಅಚ್ಚು ಹಾಕುವುದಕ್ಕೆ ಏನು ಖರ್ಚು? ಕರೆಂಟು ಹಠಾತ್ತನೆ ಹೋದಾಗ ಕೈಯಲ್ಲಿದ್ದ ಬರವಣಿಗೆ ಮುಗಿಸುವ ವ್ಯವಸ್ಥೆ ಇದೆಯೇ ಎಂದು ಮಾಡೆಲ್ ನಂಬರ್ ಹಿಡಿದು ತಯಾರಕರ ಕಾಗದದಲ್ಲಿ ನೋಡಿ. ಇದೆ ಎಂದು ಬಾಯಲ್ಲಿ ಹೇಳಿದರೆ ಬಿಡಬೇಡಿ, ತೋರಿಸು ಎನ್ನಿ. ಹುಬ್ಬಳ್ಳಿಗೆ ಹೋದ ನನಗೆ ಆತ ಎರಡು ಸಲ ಬೇರೆಯದನ್ನೇ ತೋರಿಸಿದ, ಮೂರನೆಯ ಸಲ ಸರಿಯಾದದ್ದು ಕಪಾಟಿನಿಂದ ಇಳಿಯಿತು. ಅದು ದೊಡ್ಡ ಕಂಪನಿಯೊಂದರಲ್ಲಿ ಸ್ವಲ್ಪ ಕಾಲ ದುಡಿದು ಬಂದದ್ದು. ಹಲ್ಲು ನೋಡಿದೆ, ಸವೆತ ಹೆಚ್ಚೇನೂ ಇರಲಿಲ್ಲ. ಒಂದು ಹಂಗಾಮು ಉಳುಮೆ ಮಾಡಿದ ಎತ್ತು ನೊಗಕ್ಕೆ ಒಗ್ಗಿರುತ್ತದೆ, ಬೆಲೆಯಲ್ಲೂ ಬಗ್ಗುತ್ತದೆ. ಇಂಥದನ್ನು ಬಿಟ್ಟು ಹೊಸದರ ಹೊಳಪಿಗೆ ಯಾಕೆ ದುಡ್ಡು ಕೊಡಬೇಕು?

ಬೆಟಗೇರಿಗೆ ಒಯ್ದೆ. ಸಾವ್ಕಾರರು ಡ್ರೈವನ್ನು ಅಂಗೈ ಮೇಲಿಟ್ಟು ತೂಗಿದರು.

"ಇದರಾಗ ದೀಪ ಇಲ್ಲಲ್ಲ?"

"ಇಲ್ರಿ. ಇದು ಬಡಿವಾರದ್ದಲ್ಲ."

"ಮದಲಿಂದಕ್ಕ ಏನ್ ಧಾಡಿ ಆಗಿತ್ತು?"

"ಸಾವ್ಕಾರ್ರ, ಒಬ್ಬ ಆಳಿಗೆ ಈ ಗಂಟು ಒಳಗ ಇಡು ಅಂತೀರಿ. ಗಂಟು ಇನ್ನೂ ಅವನ ಹೆಗಲ ಮ್ಯಾಲೇ ಐತಿ, ಅಂವ ಅಷ್ಟರಾಗ ಇಟ್ಟೆ ಅಂತಾನ. ನೀವು ನಂಬಿ ಬಾಗಲಾ ಹಾಕ್ತೀರಿ. ಆ ಗಂಟು ಎಲ್ಲಿರತೈತಿ?"

"ಓಣ್ಯಾಗ."

"ಅಕ್ಕಾರ ಗಿಳಿ ಹಂಗ ಓಣಿಗೆ ಬಿತ್ರಿ. ನೀವು ಮೇನ್ ಜಗ್ಗೂದು ಯಾವಾಗಂತ ಆ ಡ್ರೈವಿಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರೂದಿಲ್ಲ" ಎಂದರು, ತುಸು ಹೆಮ್ಮೆಯಿಂದಲೇ. "ಮತ್ತ ಇದು?"

"ಇದು ಇಟ್ಟೆ ಅಂದ್ರ ಇಟ್ಟಂಗ. ಹೆಗಲ ಮ್ಯಾಲಿದ್ದಾಗ ಕರೆಂಟ್ ಹೋದ್ರೂ ಇದರೊಳಗ ಚೂರು ಕಸುವು ಕೂಡಿಟ್ಟಿರತೈತಿ, ಅದರ ಮ್ಯಾಲ ಒಳಗ ಇಟ್ಟ ಮಲಗತೈತಿ."

ಬಾಯಿ ತಪ್ಪಿತು. ಸಾವ್ಕಾರರ ಹುಬ್ಬು ಮೇಲೇರಿತು. "ಅಂದ್ರ ಇದರಾಗೂ ಬ್ಯಾಟರಿ ಐತಿ!"

"ಬ್ಯಾಟರಿ ಅಲ್ರಿ, ಸಣ್ಣ ಸಣ್ಣ ಕಾಳಿನಂಥಾ ಕೆಪಾಸಿಟರ್. ನೀವು ಒಂದು ಚಪ್ಪಾಳಿ ಹೊಡಿಯೂದ್ರಾಗ ಅದರ ಕಸುವು ಮುಗದು ಹೋಗತೈತಿ. ಅದರಿಂದ ಒಂದು ಬೀಡೀನೂ ಹತ್ತೂದಿಲ್ಲ."

ಸಾವ್ಕಾರರು ಒಂದು ಚಪ್ಪಾಳೆ ಹೊಡೆದು ನೋಡಿದರು. ಅಷ್ಟು ಹೊತ್ತಿನ ಕರೆಂಟನ್ನು ತಮ್ಮ ಗೋದಾಮಿನಲ್ಲಿ ಇರಗೊಡಬಹುದು ಎಂದು ಅವರಿಗೆ ಅನ್ನಿಸಿರಬೇಕು. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮುಂದೆ ಹಾಸಿ, "ಕೈ ಕೊಡ್ರಿ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ದನದ ಸಂತೆಯ ಪದ್ಧತಿ ಅದು. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಕಂಪ್ಯೂಟರ್ ಸಾಮಾನನ್ನು ಹೀಗೆ ಮಾರಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. "ನಿಮ್ಮಪ್ಪನ ಜೋಡಿ ಇದ ಟವೆಲ್‌ನ್ಯಾಗ ವ್ಯಾಪಾರ ಮಾಡೀನಿ" ಎಂದು ಸಾವ್ಕಾರರು ನನ್ನ ಬೆರಳು ಹಿಡಿದರು. ನಾನು ಅವರ ಬೆರಳು ಹಿಡಿದೆ. ಅವರು ಒಂದು ಬೆರಳು ಮಡಚಿದರು. ನಾನು ಬಿಡಿಸಿದೆ. ನಮ್ಮಿಬ್ಬರ ಮುಖವೂ ಬಸ್ಸಿಗೆ ಕಾದವರಂತೆ ಶಾಂತವಾಗಿತ್ತು, ಟವೆಲ್ ಮಾತ್ರ ಒಳಗೆ ಇಲಿ ಹೊಕ್ಕಂತೆ ಕುಣಿಯುತ್ತಿತ್ತು.

"ಒಂದ್ ಮಾತು ಕೇಳ್ತೀನ್ರಿ" ಎಂದರು ಸೊಸೆ, ಗೋಡೆಗೆ ಒರಗಿ ನಿಂತು. "ರೊಕ್ಕಾ ಯಾರು ಕೊಡಾವ್ರು?"

"ನೀನ" ಎಂದರು ಮಾವ.

"ಸರ್ವರ್ ಯಾರದು?"

"ನಿಂದ."

"ಮತ್ತ ಟವೆಲ್ ಒಳಗ ನನ್ನ ಬಿಟ್ಟು ಉಳಿದಾವ್ರೆಲ್ಲಾ ಅದೀರಿ."

ನಮ್ಮಿಬ್ಬರ ಬೆರಳೂ ಅಲ್ಲೇ ನಿಂತವು.

"ಒಳಗ ಏನರ ಮಾಡ್ಕೋರಿ. ನಂದೊಂದು ಮಾತು ಹೊರಗ ಐತಿ. ಡ್ರೈವ್ ಹಾಕ್ರಿ. ನಾನು ಕೆಲಸ ಮಾಡ್ತಿರ್ತೀನಿ. ಮಾವಾರು ಮನಸು ತುಂಬೋತನ ಮೇನ್ ಜಗ್ಗಲಿ. ನಾ ಇಟ್ಟ ಗಿಳಿ ಒಂದ ಹೋದ್ರೂ ಅಣ್ಣಾರು ಡ್ರೈವ್ ವಾಪಸ್ ಒಯ್ತಾರ, ನೀವು ಖೋಲ್ಯಾಗ ನೂಲು ತುಂಬ್ರಿ. ಹೋಗಲಿಲ್ಲಂದ್ರ ಆ ಎರಡು ಗಂಟು ಇವತ್ತ ಹೊರಗ ಹೋಗಬೇಕು, ಖೋಲಿ ಮಾತು ಮತ್ತ ತಗೀಬಾರದು."

ನಾನು ಎಷ್ಟೋ ಚೌಕಾಶಿ ನೋಡಿದ್ದೇನೆ. ಮಾಲಿಗೂ, ಮಾರುವವನಿಗೂ, ಮನೆಯ ಹಿರಿಯನಿಗೂ ಒಂದೇ ಮಾತಿನಲ್ಲಿ ಹಗ್ಗ ಹಾಕಿದವರನ್ನು ನೋಡಿರಲಿಲ್ಲ. ಬೆಲೆ ಎಷ್ಟಕ್ಕೆ ನಿಂತಿತೆಂದು ಬರೆಯುವುದಿಲ್ಲ, ಟವೆಲ್ಲಿನೊಳಗಿನದು ಹೊರಗೆ ಬರಬಾರದು. ನಾನು ಅಂದುಕೊಂಡದ್ದಕ್ಕಿಂತ ಒಂದು ಬೆರಳು ಕಡಿಮೆ ಎಂದು ತಿಳಿಯಿರಿ.

ಹಳೆಯ ಡ್ರೈವಿನಲ್ಲಿ ಉಳಿದಿದ್ದ ಕಡತಗಳನ್ನೆಲ್ಲ ಹೊಸದಕ್ಕೆ ಸಾಗಿಸಿದೆ. ಅದರ ಜೊತೆಗೆ ಇನ್ನೊಂದು ನಕಲನ್ನು ಮನೆ ಬಳಕೆಯ ಸಾದಾ ಡಿಸ್ಕಿನಲ್ಲಿ ತೆಗೆದು ಅಕ್ಕಾರ ಕೈಗೆ ಕೊಟ್ಟು, ವಾರಕ್ಕೊಮ್ಮೆಯಾದರೂ ಹೀಗೆ ತೆಗೆದು ಮನೆಯ ಕಪಾಟಿನಲ್ಲಿಡಿ ಎಂದೆ. ಕಂಪನಿ ಡ್ರೈವ್ ಎಷ್ಟೇ ಗಟ್ಟಿಯಾದರೂ ಇಲಿ ವೈರು ಕಡಿದರೆ, ಕಳ್ಳ ಹೊತ್ತೊಯ್ದರೆ, ನೀವೇ ಕೈ ತಪ್ಪಿ ಅಳಿಸಿದರೆ ಏನೂ ಮಾಡಲಾರದು. ಇದನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ಎಲ್ಲರೂ ಹೂಂ ಎನ್ನುತ್ತಾರೆ. ತೆಗೆಯುವವರು ಅಕ್ಕಾರು ಮತ್ತು ಲಕ್ಷ್ಮೇಶ್ವರದ ವ್ಯಾಪಾರಿಯ ಮಗಳು, ಇಬ್ಬರೇ.

ಪರೀಕ್ಷೆ ಶುರುವಾಯಿತು. ನೂಲಿಗೆ ಬಂದಿದ್ದ ನೇಕಾರರು ಕೆಲಸ ಬಿಟ್ಟು ನಿಂತರು. ಸಾವ್ಕಾರರು ಮೇನ್ ಹಿಡಿ ಹಿಡಿದು ನಿಂತ ಭಂಗಿ ನೋಡಬೇಕಿತ್ತು. ವರ್ಷಾನುಗಟ್ಟಲೆ ಬೈಸಿಕೊಂಡು ಮಾಡಿದ ಕೆಲಸವನ್ನು ಈಗ ಎಲ್ಲರ ಒಪ್ಪಿಗೆಯಿಂದ ಮಾಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಅಕ್ಕಾರು ಒಂದು ಎಲೆ ಬರೆದು, ಸೇವ್ ಮಾಡಿ, "ಇಟ್ಟೆ" ಎಂದು ಕೂಗಿದರು. ಮಾವ ಜಗ್ಗಿದರು. ಕತ್ತಲು. ಹಿಡಿ ಮೇಲೆತ್ತಿದೆವು, ಸರ್ವರ್ ಎದ್ದಿತು, ಎಲೆ ಇತ್ತು. ಎರಡನೆಯ ಸಲ ಹೂವು. ಇತ್ತು. ಆಮೇಲೆ ದೊಡ್ಡ ದೊಡ್ಡ ಸೆರಗುಗಳ ರಾಶಿಯನ್ನೇ ಸರ್ವರಿಗೆ ಕಳಿಸುತ್ತಿರುವಾಗ ನಡುವೆಯೇ ಜಗ್ಗಿಸಿದೆವು. ಹೋಗಿ ಮುಟ್ಟಿದವು ಎಂದು ಪರದೆ ತೋರಿಸಿದಷ್ಟೂ ಇದ್ದವು, ಒಂದೂ ಖಾಲಿ ಇರಲಿಲ್ಲ. ಸಾವ್ಕಾರರಿಗೆ ಬೆವರು ಬಂತು, ಹುರುಪು ಇಳಿಯಲಿಲ್ಲ. "ತಡೀರಿ, ಇನ್ನೊಮ್ಮೆ" ಎನ್ನುತ್ತಿದ್ದರು, ಜಾತ್ರೆಯ ತೊಟ್ಟಿಲಿನಿಂದ ಇಳಿಯಲೊಲ್ಲದ ಹುಡುಗರ ಹಾಗೆ.

ಕೊನೆಗೆ ಎಲ್ಲರೂ ಮುಗಿಯಿತೆಂದು ತಿಳಿದು ಮಾತಿಗೆ ತೊಡಗಿದರು. ಅಕ್ಕಾರು ತಮ್ಮ ಪಾಡಿಗೆ ನಿಜವಾದ ಕೆಲಸಕ್ಕೆ ಕೂತಿದ್ದರು, ನೇಕಾರನೊಬ್ಬ ಕೇಳಿದ್ದ ಗಿಳಿ ಬರೆಯುತ್ತಿದ್ದರು. ಆ ಹೊತ್ತಿಗೆ ಮುದುಕರು ಯಾರಿಗೂ ಹೇಳದೆ ಜಗ್ಗಿದರು.

ಮತ್ತೆ ಕರೆಂಟು ಬಂದಾಗ ಗಿಳಿಯ ಬಾಲ ಇತ್ತು. ಕೊಕ್ಕು, ಕಣ್ಣು, ತಲೆ ಇರಲಿಲ್ಲ.

"ಹೋತು!" ಎಂದರು ಸಾವ್ಕಾರರು. ಆ ಧ್ವನಿಯಲ್ಲಿ ಗೆದ್ದ ಸುಖ ಇತ್ತು. ಮರುಗಳಿಗೆಯಲ್ಲೇ ಸೊಸೆಯ ಮುಖ ನೋಡಿ ಆ ಸುಖ ಎಲ್ಲಿಡಬೇಕೋ ತಿಳಿಯದೆ ನಿಂತರು. ನಾನು ಬಾಯಿ ತೆರೆದೆ. ಏನು ಹೇಳಿದರೂ ಕಷ್ಟ. ಅಕ್ಕಾರು ತಲೆಯನ್ನೂ ಇಟ್ಟಿದ್ದರು ಎಂದರೆ ಮುದುಕರ ಮಾತೇ ಗೆದ್ದು ಡ್ರೈವ್ ವಾಪಸ್. ಇಟ್ಟಿರಲಿಲ್ಲ ಎಂದರೆ ಮಾರುವವನು ತನ್ನ ಮಾಲಿನ ಪರ ಮಾತಾಡಿದ ಎಂದಾಗುತ್ತಿತ್ತು. ಬಾಯಿ ಮುಚ್ಚಿದೆ. ನನಗೆ ಅಪರೂಪದ ವ್ಯಾಯಾಮ ಅದು.

ಅಕ್ಕಾರೇ ಹೇಳಿದರು. "ಬಾಲ ಬರದು ಇಟ್ಟಿದ್ದೆ, ಐತಿ. ತಲಿ ಬರದಿದ್ದೆ, ಇಡು ಅಂತ ಹೇಳಿರಲಿಲ್ಲ."

"ಅಂದ್ರ?" ಎಂದರು ಮಾವ.

"ಅಂದ್ರ ತಪ್ಪು ನಂದು. ಡ್ರೈವಿಂದಲ್ಲ."

ಸಾವ್ಕಾರರು ಪರದೆಯ ಹತ್ತಿರ ಬಂದು, ಕನ್ನಡಕ ಏರಿಸಿ, ಬಾಲವನ್ನು ಬಹಳ ಹೊತ್ತು ನೋಡಿದರು. ಇಟ್ಟಿರಲಿಲ್ಲ ಎಂಬುದು ಸೊಸೆಗೆ ಮಾತ್ರ ಗೊತ್ತಿದ್ದ ವಿಷಯ. ಇಟ್ಟಿದ್ದೆ ಎಂದು ಡ್ರೈವಿನ ಮೇಲೆ ಹಾಕಿ ನನ್ನನ್ನು ಬೈದು ಕಳಿಸಬಹುದಿತ್ತು. ಖೋಲಿಯೇ ಪಣಕ್ಕಿದ್ದಾಗ ಆ ಸುಳ್ಳಿನಿಂದ ಅವರಿಗೇ ನಷ್ಟ, ಆ ಮಾತು ಖರೆ. ಆದರೆ ತಪ್ಪು ತನ್ನದೇ ಎಂದು ನೇಕಾರರ ಮುಂದೆ ಹೇಳುವುದೂ ಸುಲಭವಲ್ಲ, ಅವರೆಲ್ಲ ಅಕ್ಕಾರ ಗಿರಾಕಿಗಳು. ನೂಲಿನ ಗೋದಾಮಿನಲ್ಲಿ ಆಯುಷ್ಯ ಕಳೆದವರಿಗೆ ಯಾವ ಮಾತು ಗಟ್ಟಿ, ಯಾವುದು ಟೊಳ್ಳು ಎಂದು ಎಳೆ ಮುಟ್ಟಿದಷ್ಟೇ ಸುಲಭವಾಗಿ ತಿಳಿಯುತ್ತದೆ.

"ಹೇಳಿದ್ದನ್ನ ಇಟ್ಟೈತಿ. ಹೇಳದ್ದನ್ನ ಇಟ್ಟೀನಿ ಅಂದಿಲ್ಲ" ಎಂದರು ಕೊನೆಗೆ. "ಇಷ್ಟು ಸಾಕು. ನನ್ನ ಗಿರಾಕಿನ್ಯಾಗ ಇಂಥಾವ್ರು ಕಡಿಮಿ ಅದಾರ." ಆ ಮಾತಿಗೆ ನೇಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವ್ಕಾರರು ಹಮಾಲನನ್ನು ಕರೆದು ಬಾಗಿಲೊಳಗಿನ ಎರಡೂ ಗಂಟು ತೆಗೆಸಿದರು. ತೆಗೆದ ಜಾಗದಲ್ಲಿ ಧೂಳು ಕಂಡು ಅಕ್ಕಾರು ಅಲ್ಲಿಗೊಂದು ಕುರ್ಚಿ ಬೇಕೆಂದರು, ಬಂದ ನೇಕಾರರು ಕೂಡಲಿಕ್ಕೆ. ಗೆದ್ದ ಕೂಡಲೇ ಮುಂದಿನದನ್ನು ಕೇಳಬೇಕು, ಎದುರಿನವನು ತಣ್ಣಗಾದ ಮೇಲೆ ಕೇಳಬಾರದು. ಕುರ್ಚಿ ಸಿಕ್ಕಿತು. ನನಗೆ ಚಹ ಕೂಡ ಸಿಕ್ಕಿತು.

"ಖೋಲಿ ನಿಂದು" ಎಂದರು ಸಾವ್ಕಾರರು ಸೊಸೆಗೆ. "ಆದ್ರ ಮೇನ್ ನಂದು. ಜಗ್ಗೂದು ಬಿಡೂದಿಲ್ಲ."

"ಬಿಡಬ್ಯಾಡ್ರಿ. ಜಗ್ಗೂಕಿಂತ ಮದಲ ಒಂದು ಕೂಗು ಹಾಕ್ರಿ."

ಮೊನ್ನೆ ಪ್ರಿಂಟರ್ ನೋಡಲೆಂದು ಅಲ್ಲಿಗೆ ಹೋಗಿದ್ದೆ. ಮುಚ್ಚುವ ಹೊತ್ತು. ಸಾವ್ಕಾರರು ಸಾಲುಗಳ ವಾಸನೆ ನೋಡಿ, ಊದಿನಕಡ್ಡಿ ಅದ್ದಿ, ಕೈ ಮುಗಿದು, ಹಿಡಿಯ ಮೇಲೆ ಕೈ ಇಟ್ಟು ಹಿತ್ತಲಿನ ಕಡೆ ತಿರುಗಿ ಕೂಗಿದರು.

"ಯವ್ವಾ, ಗಿಳಿ ಇಟ್ಟೇನು?"

"ಇನ್ನೂ ಇಲ್ರಿ ಮಾವಾರ, ತಡೀರಿ, ರೊಟ್ಟಿ ಹೆಂಚಿನ ಮ್ಯಾಲ ಐತಿ!"

ಮುದುಕರು ಬಾಯಲ್ಲಿ ಏನೋ ಗೊಣಗಿದರು, ಖಂಡಿತ ಒಳ್ಳೆಯ ಮಾತಲ್ಲ. ಕೈ ಮಾತ್ರ ಹಿಡಿಯ ಮೇಲೆ ಹಾಗೇ ಇತ್ತು. ಸೊಸೆ ಬಂದು ಖೋಲಿಯೊಳಗೆ ಹೋಗಿ "ಆತ್ರಿ" ಎನ್ನುವತನಕ ಜಗ್ಗಲಿಲ್ಲ.